ಪಿತ್ತದ ಪಾಠ

ಪಿತ್ತವೆಂದರೆ ಕೋಪವೆಂದೇ ನಾನು ಬಹುಕಾಲ ತಿಳಿದಿದ್ದೆ. ಚಿಕ್ಕೋಡಿಯಲ್ಲಿ ತರಗತಿಗೆ ‘ಪಿತ್ತ ನೆತ್ತಿಗೇರಿತು’ ಎಂಬ ನುಡಿಗಟ್ಟನ್ನು ವಿವರಿಸುವಾಗ ಉದಾಹರಣೆಯನ್ನು ಹುಡುಕುವ ಶ್ರಮವಿರಲಿಲ್ಲ. ಅದು ವಿದ್ಯಾರ್ಥಿಗಳ ಎದುರಿಗೇ ನಿಂತಿರುತ್ತಿತ್ತು.

ಹೋದ ಮಳೆಗಾಲದಲ್ಲಿ ಆ ಪಿತ್ತ ನೆತ್ತಿಯನ್ನು ಬಿಟ್ಟು ಕಣ್ಣಿಗೇರಿತು. ಅಥಣಿಯ ಮದುವೆಯೊಂದರಲ್ಲಿ ಸಿಕ್ಕಿದ ನೀರನ್ನೆಲ್ಲ ಕುಡಿದು ಬಂದ ಮೂರು ವಾರಕ್ಕೆ ಕಣ್ಣುಗಳು ಅರಿಸಿನದ ಬಣ್ಣ ತಾಳಿದವು. ಕಾಮಾಲೆ! ಅದಕ್ಕೆ ಎಂಟು ದಿನ ಮೊದಲಷ್ಟೇ ಪಕ್ಕದ ಮನೆಯ ಮರಾಠಿ ಅಜ್ಜಿಯೊಡನೆ ನಲ್ಲಿಯ ಸರದಿಗಾಗಿ ಜಗಳವಾಡಿ ಮಾತು ಬಿಟ್ಟಿದ್ದೆ.

ನಮ್ಮ ವೈದ್ಯರು ನಿಪ್ಪಾಣಿಯ ಕಡೆಯವರು, ಹರಟೆಪ್ರಿಯರು. “ಯಕೃತ್ತು ಕೋಪದ ಮನೆಯಲ್ಲ, ಮಾಸ್ತರರೇ” ಎಂದರು. ಕರುಳಿನಿಂದ ಬರುವ ರಕ್ತವೆಲ್ಲ ಮೊದಲು ಅಲ್ಲಿಗೇ ಹೋಗುವುದಂತೆ. ಅದು ದಿನಕ್ಕೆ ಮುಕ್ಕಾಲು ಲೀಟರಿನಷ್ಟು ಪಿತ್ತರಸವನ್ನು ಮರಳಿ ಕರುಳಿಗೆ ಕಳುಹಿಸುತ್ತದೆ. ಆ ರಸದೊಡನೆ ‘ಇಮ್ಯುನೋಗ್ಲಾಬ್ಯುಲಿನ್ ಎ’ ಎಂಬ ಪ್ರತಿಕಾಯವೂ ಹರಿದು ಬರುತ್ತದೆ. ಇಲಿಗಳಲ್ಲಿ ಈ ಪಾಲು ಬಹಳ ದೊಡ್ಡದು. ಮನುಷ್ಯರಲ್ಲಿ ಹೆಚ್ಚಿನದನ್ನು ಕರುಳಿನ ಗೋಡೆಯೇ ಒದಗಿಸುತ್ತದೆ.

“ಅದು ಅಲ್ಲಿನ ಸೂಕ್ಷ್ಮಜೀವಿಗಳನ್ನೆಲ್ಲ ಕೊಲ್ಲುತ್ತದೆಯೇ?” ಎಂದೆ.

“ಕೊಂದರೆ ಬಾಳುವುದು ಹೇಗೆ? ಕರುಳಿನಲ್ಲಿ ಲಕ್ಷ ಕೋಟಿಗಟ್ಟಲೆ ಇವೆ. ನಾವು ಅರಗಿಸಲಾರದ ನಾರನ್ನು ಅರಗಿಸುವವೇ ಅವು. ಪ್ರತಿಕಾಯ ಅವುಗಳಿಗೆ ಅಂಟಿಕೊಂಡು, ಗೋಡೆಯ ಸಮೀಪಕ್ಕೆ ಬಾರದಂತೆ ನೋಡಿಕೊಳ್ಳುತ್ತದೆ. ತೊಂದರೆ ಕೊಡುವವನ್ನು ಹೊರಗೆ ಸಾಗಿಸಲು ನೆರವಾಗುತ್ತದೆ. ಉಳಿದವು ತಮ್ಮ ಜಾಗದಲ್ಲಿ ಇರುತ್ತವೆ.”

ಹಾಸಿಗೆಯಲ್ಲಿ ಮಲಗಿದವನಿಗೆ ಯೋಚಿಸಲು ಬೇಕಾದಷ್ಟು ಹೊತ್ತು. ನನ್ನ ದೇಹ ನನಗಿಂತ ಎಷ್ಟು ಸಮಾಧಾನಿ! ಭಾಷೆ ಬೇರೆ, ಸರದಿ ಬೇರೆ ಎಂದು ನಾನು ಒಬ್ಬಳೇ ಒಬ್ಬ ನೆರೆಯವಳನ್ನು ಸಹಿಸಲಾರದೆ ಹೋದೆ. ಅದು ಎಣಿಕೆಯಿಲ್ಲದ ಪರಕೀಯರೊಡನೆ ನನ್ನ ಅರಿವಿಗೂ ಬಾರದಂತೆ ಸಂಸಾರ ನಡೆಸಿತ್ತು.

ನಾಲ್ಕನೆಯ ದಿನ ಬಾಗಿಲು ಸದ್ದಾಯಿತು. ಅಜ್ಜಿ! ಕೈಯಲ್ಲಿ ಮೆತ್ತನೆಯ ಅನ್ನದ ಗಂಗಾಳ, ಪಕ್ಕದಲ್ಲಿ ಕಾಯಿಸಿ ಆರಿಸಿದ ನೀರಿನ ತಂಬಿಗೆ.

“ಅರಾಮ ಆಗ್ರಿ ಮಾಸ್ತರ. ಜಗಳಾ ಆಮ್ಯಾಗ ಮಾಡೂಣು” ಎಂದಳು. ನನ್ನ ಹಳದಿ ಕಣ್ಣು ತುಂಬಿ ಬಂತು.

ಕಾಮಾಲೆ ಇಳಿಯಿತು. ನಲ್ಲಿಯ ವ್ಯಾಜ್ಯ ಇನ್ನೂ ತೀರಿಲ್ಲ; ನನ್ನ ಪಿತ್ತವೂ ಆಗಾಗ ನೆತ್ತಿಯ ದಾರಿ ಹುಡುಕುವುದುಂಟು. ಆದರೆ ಗಂಗಾಳವನ್ನು ಬರಿದಾಗಿ ಹಿಂದಿರುಗಿಸಲು ನನ್ನ ಮನೆಯಾಕೆ ಒಪ್ಪುವುದಿಲ್ಲ, ತುಂಬಿ ಕಳಿಸಿದ್ದನ್ನು ಬರಿದು ಮಾಡಿ ಇಟ್ಟುಕೊಳ್ಳಲು ಅಜ್ಜಿ ಒಪ್ಪುವುದಿಲ್ಲ. ಅದು ಇಂದಿಗೂ ಎರಡು ಮನೆಗಳ ನಡುವೆ ಓಡಾಡುತ್ತಲೇ ಇದೆ.