ಅರೆಹೊಟ್ಟೆಯ ಒಂದು ವರ್ಷ



ನಮ್ಮ ಮನೆಯ ಒಂದು ಸಂಗತಿಯನ್ನು ಏಳು ತಿಂಗಳವರೆಗೆ ಯಾರಿಗೂ ಹೇಳದೆ ಮುಚ್ಚಿಟ್ಟಿದ್ದೆವು. ಮುಚ್ಚಿಟ್ಟದ್ದರಿಂದಲೇ ಹೆಚ್ಚು ಕಷ್ಟವಾಯಿತು. ಅದಕ್ಕೆ ಈಗ ನಾವೇ ಬರೆದು ಹೇಳುತ್ತಿದ್ದೇವೆ. 2025ರ ಫೆಬ್ರವರಿಯಲ್ಲಿ ನಮ್ಮ ಮನೆಯವರು ತೂಕ ಇಳಿಸುವ ಆಪರೇಶನ್ ಮಾಡಿಸಿಕೊಂಡರು. ಕೊಯ್ದದ್ದು ಅವರೊಬ್ಬರ ಹೊಟ್ಟೆಯನ್ನಾದರೂ ಬದಲಾದದ್ದು ಇಡೀ ಮನೆ.

ನಾವು ಮೂಲತಃ ಬೆಳಗಾವಿ ಕಡೆಯವರು. ಮಡಗಾಂವಕ್ಕೆ ಬಂದು ಮೂವತ್ತು ವರ್ಷ ದಾಟಿತು. ಕಿರಾಣಿ ವ್ಯಾಪಾರ. ಬೇಳೆ, ಬೆಲ್ಲ, ಮೆಣಸಿನಕಾಯಿ ಎಲ್ಲ ಘಟ್ಟದ ಮೇಲಿನಿಂದಲೇ ಬರುತ್ತವೆ. ಗೋವಾದಲ್ಲಿ ಮಧ್ಯಾಹ್ನ ಅಂಗಡಿ ಮುಚ್ಚುವ ರೂಢಿ ಇದೆಯೆಂಬುದು ಈ ಕಡೆ ಬಂದವರಿಗೆಲ್ಲ ಗೊತ್ತು. ಒಂದು ಗಂಟೆಗೆ ಬಾಗಿಲು ಎಳೆದು, ಮನೆಗೆ ಬಂದು, ಹೊಟ್ಟೆ ತುಂಬ ಉಂಡು, ಮಲಗಿ, ನಾಲ್ಕಕ್ಕೆ ಎದ್ದು ಮತ್ತೆ ಗಾದಿಯ ಮೇಲೆ ಕೂಡುವುದು. ನಮ್ಮ ಮನೆಯವರ ಮೂವತ್ತು ವರ್ಷ ಹೀಗೆ ಕಳೆಯಿತು.

ನಾವು ರಾತ್ರಿಭೋಜನ ಮಾಡುವವರಲ್ಲ, ಕಂದಮೂಲ ತಿನ್ನುವವರಲ್ಲ. ಅದರಿಂದ ನಮಗೆ ಸ್ಥೂಲಕಾಯ ಹೇಗೆ ಬರುತ್ತದೆ ಎಂಬ ಧೈರ್ಯವಿತ್ತು. ಆದರೆ ನಿಜ ಹೇಳಬೇಕೆಂದರೆ, ಸೂರ್ಯ ಮುಳುಗಿದ ಮೇಲೆ ತಿನ್ನುವಂತಿಲ್ಲ ಎಂದು ಮುಳುಗುವ ಮುನ್ನವೇ ಎರಡರಷ್ಟು ತಿನ್ನುತ್ತಿದ್ದೆವು. ಆಲೂಗಡ್ಡೆ ಇಲ್ಲದಿದ್ದರೇನಂತೆ, ಬಾಳೆಕಾಯಿ ಚಿಪ್ಸು, ಚುಡುವಾ, ಶೇವು, ಬೆಳಗಾವಿಯ ಕುಂದಾ ಇರುತ್ತಿದ್ದವು. ಉಪವಾಸದ ಮರುದಿನದ ಪಾರಣೆ ಹಬ್ಬದ ಊಟಕ್ಕಿಂತ ದೊಡ್ಡದಾಗಿರುತ್ತಿತ್ತು. ನಿಯಮ ಪಾಲಿಸಿದ್ದೆವು, ಅದರ ಅರ್ಥವನ್ನು ಮಾತ್ರ ಬಿಟ್ಟಿದ್ದೆವು.

ಆಪರೇಶನ್ನಿಗೆ ಮೊದಲು ಅವರ ತೂಕ 124 ಕಿಲೋ, ಎತ್ತರ 168 ಸೆಂಟಿಮೀಟರ್. ತೂಕವನ್ನು ಮೀಟರಿನಲ್ಲಿ ಅಳೆದ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವ ಅಂಕಿಗೆ ವೈದ್ಯರು ಬಿ.ಎಂ.ಐ. ಎನ್ನುತ್ತಾರೆ. ಅದು 44ರ ಹತ್ತಿರವಿತ್ತು. ನಮ್ಮ ಭಾರತೀಯರಿಗೆ 23 ದಾಟಿದರೇ ಹೆಚ್ಚು ತೂಕ, 25 ದಾಟಿದರೆ ಸ್ಥೂಲಕಾಯ ಎಂದು ಲೆಕ್ಕ. ಸಕ್ಕರೆ ರೋಗಕ್ಕೆ ಎರಡು ಹೊತ್ತು ಇನ್ಸುಲಿನ್ ಚುಚ್ಚಬೇಕಿತ್ತು. ರಾತ್ರಿ ಗೊರಕೆಯ ನಡುವೆ ಉಸಿರು ನಿಂತು ನಿಂತು ಬರುತ್ತಿತ್ತು. ಎಷ್ಟೋ ರಾತ್ರಿ ಪಕ್ಕದಲ್ಲಿ ಕೂತು ಮುಂದಿನ ಉಸಿರಿಗೆ ಕಾದದ್ದುಂಟು. ಮಾವನವರು ಇದೇ ಸಕ್ಕರೆ ರೋಗದಲ್ಲಿ ಕಾಲು ಕಳೆದುಕೊಂಡು, ಆಮೇಲೆ ಎರಡು ವರ್ಷವೂ ಉಳಿಯಲಿಲ್ಲ. ಅದನ್ನು ನೋಡಿದವರಿಗೆ ಮುಂದೇನಾಗುತ್ತದೆ ಎಂದು ಬಿಡಿಸಿ ಹೇಳಬೇಕಿರಲಿಲ್ಲ.

ನಮ್ಮೊಬ್ಬರ ಮನೆಯ ಕತೆಯೂ ಇದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯಲ್ಲಿ ದೇಶದಲ್ಲೇ ಸಕ್ಕರೆ ರೋಗ ಹೆಚ್ಚಾಗಿ ಕಂಡದ್ದು ಗೋವಾದಲ್ಲಿ. ದೇಶದ ಸರಾಸರಿ ನೂರಕ್ಕೆ 11.4 ಇದ್ದರೆ ಇಲ್ಲಿ 26.4. ಅಂದರೆ ವಯಸ್ಕರಲ್ಲಿ ನಾಲ್ವರಿಗೊಬ್ಬರು.

ಆಪರೇಶನ್ ಮಾತು ಬಂದಾಗ ಅತ್ತೆಯವರು ಅಂದ ಮಾತು ಇಂದಿಗೂ ಕಿವಿಯಲ್ಲಿದೆ. “ಬಾಯಿ ಕಟ್ಟಿದ್ದರ ಹೊಟ್ಟಿ ಕೊಯ್ಸೋ ಹೊತ್ತು ಬರತಿತ್ತೇನು?” ಅಂದರು. ಆ ಮಾತಿಗೆ ನಮ್ಮಲ್ಲಿ ಉತ್ತರವಿರಲಿಲ್ಲ. ಆಮೇಲೆ ವೈದ್ಯರು ತಿಳಿಸಿ ಹೇಳಿದರು. ಹತ್ತು ಕಿಲೋ ಇಳಿಸಿದ ಶರೀರ ಸುಮ್ಮನಿರುವುದಿಲ್ಲ, ಹಸಿವೆ ಹೆಚ್ಚಿಸಿ, ಖರ್ಚು ಕಡಿಮೆ ಮಾಡಿ, ಹೋದದ್ದನ್ನು ಮರಳಿ ಗಳಿಸಲು ನೋಡುತ್ತದೆ. ನಮ್ಮ ಮನೆಯವರು ಮೂರು ಸಲ ಪಥ್ಯ ಮಾಡಿ ಇಳಿಸಿ, ಮೂರು ಸಲವೂ ಬಡ್ಡಿ ಸಮೇತ ಪಡೆದಿದ್ದರು. ಬಾಯಿ ಕಟ್ಟಿರಲಿಲ್ಲ ಎಂದೇನಲ್ಲ, ಕಟ್ಟಿದ್ದು ನಿಲ್ಲಲಿಲ್ಲ.

ಆಪರೇಶನ್ ಅಂದರೆ ಏನೆಂದು ಬಹಳ ಜನ ಕೇಳುತ್ತಾರೆ. ಇದು ಕೊಬ್ಬು ತೆಗೆಯುವುದಲ್ಲ. ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ತೂತು ಮಾಡಿ, ದುರ್ಬೀನಿನ ಸಹಾಯದಿಂದ ಜಠರದ ಮುಕ್ಕಾಲು ಪಾಲಿಗಿಂತ ಸ್ವಲ್ಪ ಹೆಚ್ಚು ಭಾಗವನ್ನು ಉದ್ದುದ್ದ ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಅಂಗಿಯ ತೋಳಿನಂಥ ಸಣ್ಣ ಚೀಲ. ಅದಕ್ಕೆ ಸ್ಲೀವ್ ಎಂದೇ ಹೆಸರು. ಹಸಿವೆ ಹುಟ್ಟಿಸುವ ಘ್ರೆಲಿನ್ ಎಂಬ ರಸ ಬಹುಮಟ್ಟಿಗೆ ತಯಾರಾಗುವುದು ಆ ತೆಗೆದ ಭಾಗದಲ್ಲೇ. ಹಾಗಾಗಿ ಜಾಗವೂ ಕಡಿಮೆ, ಹಸಿವೆಯೂ ಕಡಿಮೆ. ಕರುಳನ್ನೂ ತಿರುಗಿಸಿ ಜೋಡಿಸುವ ಬೈಪಾಸ್ ಎಂಬುದು ಇನ್ನೊಂದು ಬಗೆ. ಅದನ್ನು 1966ರಲ್ಲಿ ಅಮೆರಿಕದ ಡಾ. ಎಡ್ವರ್ಡ್ ಮೇಸನ್ ಆರಂಭಿಸಿದರು. ನಮ್ಮ ದೇಶದ ದೊಡ್ಡವರೂ ಇಂಥ ಚಿಕಿತ್ಸೆ ಮಾಡಿಸಿಕೊಂಡಿದ್ದಾರೆ. 2011ರಲ್ಲಿ ನಿತಿನ್ ಗಡ್ಕರಿಯವರು, 2014ರಲ್ಲಿ ಅರುಣ್ ಜೇಟ್ಲಿಯವರು ಮಾಡಿಸಿಕೊಂಡದ್ದು ಪತ್ರಿಕೆಗಳಲ್ಲಿ ಬಂದಿತ್ತು. ಅವರು ಮುಚ್ಚಿಡಲಿಲ್ಲ, ನಾವು ಮುಚ್ಚಿಟ್ಟೆವು.

ಮುಚ್ಚಿಟ್ಟದ್ದಕ್ಕೆ ಕಾರಣವಿತ್ತು. ಮಗಳಿಗೆ ಸಂಬಂಧ ನೋಡುತ್ತಿದ್ದೆವು. ‘ತಂದೆಗೆ ದೊಡ್ಡ ಆಪರೇಶನ್ ಆಗಿದೆಯಂತೆ’ ಎಂಬ ಮಾತು ಹಬ್ಬಿದರೆ ಹೇಗೆ ಎಂಬ ಭಯ. ಅದರ ಜೊತೆಗೆ, ತಿಂದು ತಿಂದು ಹೊಟ್ಟೆ ಕೊಯ್ಸಿಕೊಂಡರು ಎಂದು ನಗುತ್ತಾರೆ ಎಂಬ ನಾಚಿಕೆ. ಕೇಳಿದವರಿಗೆಲ್ಲ ‘ಪಥ್ಯ ನಡೆದಿದೆ’ ಎನ್ನುತ್ತಿದ್ದೆವು.

ಮೊದಲ ಎರಡು ವಾರ ಬರೀ ನೀರುಪದಾರ್ಥ. ಹೆಸರುಬೇಳೆ ಕಟ್ಟು, ಮಜ್ಜಿಗೆ, ಸೋಸಿದ ಹಣ್ಣಿನ ರಸ, ಅದೂ ಚಮಚದಿಂದ. ಆಮೇಲೆ ಅರೆದದ್ದು, ಆಮೇಲೆ ಮೆತ್ತಗಿನದು. ಎಲ್ಲರಂತೆ ಗಟ್ಟಿ ಊಟಕ್ಕೆ ಬರಲು ಒಂದೂವರೆ ತಿಂಗಳು ಹಿಡಿಯಿತು. ಊಟದ ಜೊತೆ ನೀರು ಕುಡಿಯುವಂತಿಲ್ಲ, ಅರ್ಧ ತಾಸು ಬಿಡಬೇಕು. ನೀರನ್ನೂ ಗಟಗಟ ಕುಡಿಯುವಂತಿಲ್ಲ, ಗುಟುಕು ಗುಟುಕಾಗಿ ದಿನವಿಡೀ ಕುಡಿಯಬೇಕು. ಕಾಯಿಸಿ ಸೋಸಿದ ನೀರಿನ ಬಾಟಲಿ ಅಂಗಡಿಯ ಗಾದಿಯ ಬಳಿ ಸದಾ ಇರತೊಡಗಿತು.

ಅಡಿಗೆಮನೆಯಲ್ಲಿ ನಾವು ಒಂದು ನೋಟುಬುಕ್ಕು ಇಟ್ಟೆವು, ಅಂಗಡಿಯ ರೋಜು ಕೀರ್ದಿಯ ಹಾಗೆ. ದಿನಕ್ಕೆ ಕನಿಷ್ಠ 60 ಗ್ರಾಂ ಪ್ರೋಟೀನು ಜಮಾ ಆಗಬೇಕೆಂದು ವೈದ್ಯರ ಆಜ್ಞೆ. ನೂರು ಗ್ರಾಂ ಪನೀರಿನಲ್ಲಿ 18ರ ಆಸುಪಾಸು, ನೂರು ಗ್ರಾಂ ಒಣ ಬೇಳೆಯಲ್ಲಿ 24ರ ಆಸುಪಾಸು. ಆದರೆ ಆ ಹೊಟ್ಟೆಗೆ ಅಷ್ಟು ಬೇಳೆ ಹಿಡಿಸಬೇಕಲ್ಲ! ಹಾಗಾಗಿ ಎಲೆಯ ಮೇಲಿನ ಕ್ರಮವೇ ತಿರುಗಿತು. ಮೊದಲು ಪನೀರು, ಮೊಸರು, ಬೇಳೆ. ಆಮೇಲೆ ಪಲ್ಯ. ಜಾಗ ಉಳಿದರೆ ಅರ್ಧ ಚಪಾತಿ. ಅನ್ನದ ಸರದಿ ಬರುವುದೇ ಅಪರೂಪ.

ನಮ್ಮ ಸಮಾಜದವರು ಗಮನಿಸಬೇಕಾದದ್ದು ಇನ್ನೊಂದಿದೆ. ಬಿ-12 ಎಂಬ ಜೀವಸತ್ವ ನಮ್ಮಂಥ ಶಾಕಾಹಾರಿಗಳಿಗೆ ಹಾಲು ಮೊಸರಿನಿಂದ ಬಿಟ್ಟರೆ ಸಿಗುವುದು ಕಷ್ಟ. ಅದನ್ನು ಹೀರಿಕೊಳ್ಳಲು ಬೇಕಾದ ವಸ್ತು ತಯಾರಾಗುವುದು ಜಠರದಲ್ಲಿ. ಆ ಜಠರವನ್ನೇ ಕಡಿಮೆ ಮಾಡಿದ ಮೇಲೆ ಕೊರತೆಯ ಸಂಭವ ಹೆಚ್ಚು. ಐದನೆಯ ತಿಂಗಳಲ್ಲಿ ಅಂಗಾಲು ಜುಮುಗುಡುತ್ತದೆ ಎಂದಾಗ ರಕ್ತ ಪರೀಕ್ಷೆ ಮಾಡಿಸಿದೆವು, ಬಿ-12 ತಳ ಮುಟ್ಟಿತ್ತು. ಗುಳಿಗೆಗಳಲ್ಲಿ ಕೆಲವು ಜಿಲೆಟಿನ್ ಕ್ಯಾಪ್ಸೂಲುಗಳು. ಅದು ಪ್ರಾಣಿಗಳ ಎಲುಬು, ಚರ್ಮದಿಂದ ಮಾಡಿದ್ದು ಎಂದು ತಿಳಿದು ನಮ್ಮ ಮನೆಯವರು ಹೇಳದೆಯೇ ನುಂಗುವುದನ್ನು ಬಿಟ್ಟಿದ್ದರು. ವೈದ್ಯರನ್ನು ಕೇಳಿದ್ದರೆ ಅಂದೇ ಪರಿಹಾರವಿತ್ತು. ಕ್ಯಾಪ್ಸೂಲಿನ ಬದಲು ಮಾತ್ರೆ ಇದೆ, ಸಸ್ಯಮೂಲದ ಕ್ಯಾಪ್ಸೂಲು ಇದೆ, ಬಿ-12ಕ್ಕೆ ಇಂಜೆಕ್ಷನ್ ಇದೆ. ಸಂಕೋಚದಿಂದ ಮೂರು ತಿಂಗಳು ನಷ್ಟ ಮಾಡಿಕೊಂಡೆವು. ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ ಗುಳಿಗೆ ಒಟ್ಟಿಗೆ ತೆಗೆದುಕೊಳ್ಳಬಾರದು, ನಡುವೆ ಎರಡು ತಾಸು ಇರಬೇಕು. ಈ ಗುಳಿಗೆಗಳು ಜೀವಮಾನವಿಡೀ.

ತೂಕ ಇಳಿಯುತ್ತ ಹೋಯಿತು. ತಿಂಗಳೊಳಗೆ ಇನ್ಸುಲಿನ್ ನಿಂತಿತು. ಗೊರಕೆ ಕಡಿಮೆಯಾಗಿ ನಾವು ರಾತ್ರಿ ನಿದ್ದೆ ಮಾಡತೊಡಗಿದೆವು. ಆದರೆ ನಾಲ್ಕನೆಯ ತಿಂಗಳಿಗೆ ತಲೆಗೂದಲು ಹಿಡಿ ಹಿಡಿಯಾಗಿ ಉದುರಿತು. ಮುಖ ಜೋತು ಬಿದ್ದಿತು. ಗಿರಾಕಿಗಳು ‘ಶೇಠ್‌ರಿಗೆ ಏನಾಗಿದೆ?’ ಎಂದು ಮಗನನ್ನು ಬದಿಗೆ ಕರೆದು ಕೇಳತೊಡಗಿದರು.

ಇದೇ ಸಮಯದಲ್ಲಿ ಬೆಳಗಾವಿ ಕಡೆಯ ಒಂದು ಮನೆತನಕ್ಕೆ ಮಗಳ ಮಾತುಕತೆಗೆ ಹೋದೆವು. ಅವರು ಹನ್ನೆರಡು ಬಗೆ ಮಾಡಿದ್ದರು. ನಮ್ಮ ಮನೆಯವರು ಮೂರು ಚಮಚ ಮೊಸರು, ಒಂದು ತುತ್ತು ಹೋಳಿಗೆ ತಿಂದು ಕೈ ತೊಳೆದರು. ಒತ್ತಾಯದ ಮೇಲೆ ಇನ್ನೊಂದು ತುತ್ತು ತಿಂದು, ಹಿತ್ತಲಿಗೆ ಹೋಗಿ ವಾಂತಿ ಮಾಡಿಕೊಂಡರು. ಮರಳಿ ಬರುವಾಗ ಚೋರ್ಲಾ ಘಾಟ ಇಳಿಯುವವರೆಗೆ ಗಾಡಿಯಲ್ಲಿ ಯಾರೂ ಮಾತಾಡಲಿಲ್ಲ. ವಾರ ಕಳೆದರೂ ಆ ಕಡೆಯಿಂದ ಫೋನು ಬರಲಿಲ್ಲ. ಕ್ಯಾನ್ಸರ್ ಇರಬೇಕು, ಮುಚ್ಚಿಡುತ್ತಿದ್ದಾರೆ ಎಂದು ಅವರು ತಿಳಿದಿದ್ದರಂತೆ. ನಮ್ಮ ಮೌನಕ್ಕಿಂತ ಅವರ ಊಹೆ ದೊಡ್ಡದಾಗಿತ್ತು.

ಅಷ್ಟರಲ್ಲಿ ಭಾದ್ರಪದ ಬಂತು. ಗೋವಾದಲ್ಲಿ ಚವತಿ ಎಂದರೆ ಅಂಗಡಿಯಲ್ಲಿ ಉಸಿರಾಡಲು ಬಿಡುವಿರುವುದಿಲ್ಲ. ಚವತಿಯ ಮರುದಿನ ಪಂಚಮಿಯಿಂದ ನಮ್ಮ ದಶಲಕ್ಷಣ ಪರ್ವ. ಒಂದು ವರ್ಷ ನಿರ್ಜಲ ಉಪವಾಸ ಬೇಡವೆಂದು ವೈದ್ಯರು ಸ್ಪಷ್ಟವಾಗಿ ಹೇಳಿದ್ದರು. ಆದರೆ ಇಪ್ಪತ್ತೆರಡು ವರ್ಷದಿಂದ ತಪ್ಪದ ಅನಂತ ಚತುರ್ದಶಿಯ ಉಪವಾಸ ಬಿಡಲು ನಮ್ಮ ಮನೆಯವರ ಮನಸ್ಸು ಒಪ್ಪಲಿಲ್ಲ. ಮನೆಯಲ್ಲಿ ಮಜ್ಜಿಗೆ ಕುಡಿದೆ ಎಂದರು, ಕುಡಿದಿರಲಿಲ್ಲ. ಬೆಳಗಾವಿಯ ಬಸದಿಯಲ್ಲಿ ಮಧ್ಯಾಹ್ನದ ಪೂಜೆಯ ಹೊತ್ತಿಗೆ ಎದ್ದು ನಿಂತವರು ಹಾಗೆಯೇ ಕುಸಿದರು. ಶರೀರದಲ್ಲಿ ನೀರಿನಂಶ ಬತ್ತಿತ್ತು. ಎರಡು ದಿನ ಆಸ್ಪತ್ರೆಯಲ್ಲಿ ಸಲೈನ್ ಮೇಲೆ ಇದ್ದರು. ಬಸದಿಯಲ್ಲಿ ಎಲ್ಲರೆದುರು ಮಗ ಅಳುತ್ತ, “ಅಪ್ಪಗ ಹೊಟ್ಟಿ ಆಪರೇಶನ್ ಆಗೇದ, ನೀರು ಬಿಡೂ ಹಂಗಿಲ್ಲ” ಅಂದ. ಏಳು ತಿಂಗಳ ಗುಟ್ಟು ಅಲ್ಲಿಗೆ ಮುಗಿಯಿತು.

ಆ ಚಾತುರ್ಮಾಸದಲ್ಲಿ ಅಲ್ಲಿದ್ದ ಮಾತಾಜಿಯವರ ದರ್ಶನಕ್ಕೆ ಆಮೇಲೆ ಹೋದೆವು. ಬೈಯುತ್ತಾರೆ ಎಂದುಕೊಂಡಿದ್ದೆವು. ಅವರು ಶಾಂತವಾಗಿ ತಿಳಿಸಿದರು. ಆರು ಬಾಹ್ಯ ತಪಗಳಲ್ಲಿ ಅನಶನದ ನಂತರ ಬರುವುದೇ ಅವಮೌದರ್ಯ, ಅಂದರೆ ಹಸಿವೆಗಿಂತ ಕಡಿಮೆ ಉಣ್ಣುವುದು. ಅದೂ ತಪವೇ. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಶಕ್ತಿಗನುಸಾರವಾಗಿ ಮಾಡಬೇಕೆಂದೇ ಇದೆ. ಆದರೆ ಹೊಟ್ಟೆ ಸಣ್ಣದಾದ್ದರಿಂದ ಕಡಿಮೆ ಉಂಡರೆ ಅದು ತಪವಾಗುವುದಿಲ್ಲ, ಮನಸ್ಸು ಒಪ್ಪಿ ಉಂಡರೆ ಆಗುತ್ತದೆ ಎಂದರು. ಕೊನೆಗೆ, ಹತ್ತು ಧರ್ಮಗಳಲ್ಲಿ ಆರ್ಜವವೂ ಒಂದು, ಮನೆಯವರಿಗೆ ಸುಳ್ಳು ಹೇಳಿ ಮಾಡಿದ ಉಪವಾಸ ಯಾವ ಲೆಕ್ಕಕ್ಕೆ ಎಂದು ಕೇಳಿದರು. ನಮ್ಮ ಮನೆಯವರು ತಲೆ ತಗ್ಗಿಸಿದರು. ನಾವೂ ತಗ್ಗಿಸಿದೆವು, ಏಕೆಂದರೆ ಸುಳ್ಳು ನಮ್ಮೆಲ್ಲರದೂ ಆಗಿತ್ತು.

ಮರುವಾರ ನಾವೇ ಆ ಮನೆತನಕ್ಕೆ ಫೋನು ಮಾಡಿ ಎಲ್ಲ ಹೇಳಿದೆವು. ಆ ತಾಯಿ ಒಂದು ಗಳಿಗೆ ಸುಮ್ಮನಿದ್ದು, “ಮೊದಲೇ ಹೇಳಿದ್ದರ ಹೆಸರುಬ್ಯಾಳಿ ಕಟ್ಟು ಮಾಡಿ ಇಡತಿದ್ದೆವಲ್ಲರೀ” ಅಂದರು. ಆಮೇಲೆ ದನಿ ಇಳಿಸಿ, ತಮ್ಮ ತವರಿನ ಅಣ್ಣನಿಗೂ 118 ಕಿಲೋ ತೂಕ, ಸಕ್ಕರೆ ರೋಗ ಇದೆ, ಖರ್ಚೆಷ್ಟು, ನೋವೆಷ್ಟು ಎಂದು ಅರ್ಧ ತಾಸು ಕೇಳಿದರು. ಸಂಬಂಧ ನಿಶ್ಚಯವಾಗಿದೆ.

ಆ ತಾಯಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇವೆ. ಇದು ಎಲ್ಲರಿಗೂ ಅಲ್ಲ, ಅಂದಕ್ಕಾಗಿ ಅಂತೂ ಅಲ್ಲ. 2019ರ ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಂತೆ ಬಿ.ಎಂ.ಐ. 40 ಅಥವಾ ಅದಕ್ಕಿಂತ ಹೆಚ್ಚು ಇದ್ದರೆ, ಇಲ್ಲವೆ 35 ಅಥವಾ ಅದಕ್ಕಿಂತ ಹೆಚ್ಚು ಇದ್ದು ಹತೋಟಿಗೆ ಬಾರದ ಸಕ್ಕರೆ ರೋಗ, ಹೃದ್ರೋಗ, ನಿದ್ದೆಯಲ್ಲಿ ಉಸಿರು ನಿಲ್ಲುವ ತೀವ್ರ ತೊಂದರೆಗಳಂಥವು ಇದ್ದು, ಬೇರೆ ಉಪಾಯ ಸೋತಿದ್ದರೆ ವಿಮೆಯಿಂದ ಹಣ ಸಿಗಲು ದಾರಿಯಿತ್ತು. ನಿಮ್ಮ ಪಾಲಿಸಿಯನ್ನು ಮೊದಲೇ ಓದಿಕೊಳ್ಳಿ. ತೂಕ ಇಳಿಸುವ ಹೊಸ ಇಂಜೆಕ್ಷನ್ನುಗಳೂ 2025ರಲ್ಲಿ ನಮ್ಮ ದೇಶದ ಪೇಟೆಗೆ ಬಂದಿವೆ. ಯಾವುದು ಯಾರಿಗೆ ಎಂಬುದನ್ನು ವೈದ್ಯರು ಹೇಳಬೇಕು. ತೂಕ ಬೇಗ ಇಳಿದಾಗ ಪಿತ್ತಕೋಶದಲ್ಲಿ ಕಲ್ಲು ಆಗುವ ಸಂಭವವಿದೆ. ಐಸ್ ಕ್ರೀಮು, ಹಾಲಿನ ಸಿಹಿ ಪದಾರ್ಥಗಳು ಸಣ್ಣ ಹೊಟ್ಟೆಯಲ್ಲೂ ಸರಾಗ ಜಾರುತ್ತವೆ, ಅವುಗಳಿಂದ ತೂಕ ಮರಳಿ ಬಂದವರಿದ್ದಾರೆ.

ಈಗ ವರ್ಷ ತುಂಬಿದೆ. ತೂಕ 88ಕ್ಕೆ ಬಂದು ಮೂರು ತಿಂಗಳಿಂದ ಅಲ್ಲೇ ನಿಂತಿದೆ. ಕೂದಲು ಮತ್ತೆ ಬಂದಿದೆ. ಮೂರು ತಿಂಗಳ ಸಕ್ಕರೆಯ ಸರಾಸರಿ 9.6 ಇದ್ದದ್ದು 6.1 ಆಗಿದೆ. ರೋಗ ಹೋಯಿತು ಎನ್ನಬೇಡಿ, ಮಲಗಿದೆ ಎನ್ನಿ ಎಂದು ವೈದ್ಯರು ಎಚ್ಚರಿಸಿದ್ದಾರೆ. ಮಧ್ಯಾಹ್ನದ ನಿದ್ದೆ ಬಿಟ್ಟಿದ್ದಾರೆ. ಬೆಳಿಗ್ಗೆ ಕೋಲ್ವಾದ ದಂಡೆಯಲ್ಲಿ ಒಂದು ತಾಸು ನಡೆಯುತ್ತೇವೆ.

2018ರ ಫೆಬ್ರವರಿಯ ಮಹಾಮಸ್ತಕಾಭಿಷೇಕಕ್ಕೆ ನಾವೆಲ್ಲ ಶ್ರವಣಬೆಳಗೊಳಕ್ಕೆ ಹೋಗಿದ್ದಾಗ ನಮ್ಮ ಮನೆಯವರು ವಿಂಧ್ಯಗಿರಿ ಹತ್ತಲಾರದೆ ಕೆಳಗೇ ಕೂತಿದ್ದರು. ಡೋಲಿ ಹೊರುವವರೂ ಅವರನ್ನೊಮ್ಮೆ, ಒಬ್ಬರ ಮುಖವನ್ನೊಬ್ಬರು ಒಮ್ಮೆ ನೋಡಿದ್ದನ್ನು ನಾವು ಮರೆತಿಲ್ಲ. ಈ ಜನವರಿಯಲ್ಲಿ ಮತ್ತೆ ಹೋದೆವು. ಆರುನೂರಕ್ಕೂ ಹೆಚ್ಚು ಮೆಟ್ಟಿಲು. ನಾಲ್ಕು ಕಡೆ ಕೂತು, ನೀರು ಗುಟುಕರಿಸಿ, ಅವರು ತಮ್ಮ ಕಾಲ ಮೇಲೆಯೇ ಹತ್ತಿದರು. ವರ್ಷವಿಡೀ ಪ್ರತಿಮಾಯೋಗದಲ್ಲಿ ನಿಂತ ಸ್ವಾಮಿಯ ಪಾದದ ಬಳಿ ನಮ್ಮ ಒಂದು ವರ್ಷ ಬಹಳ ಸಣ್ಣದೆನಿಸಿತು. ನಮ್ಮ ಮನೆಯವರು ಏನೂ ಬೇಡಲಿಲ್ಲ, ಕ್ಷಮೆ ಕೇಳಿದೆ ಅಂದರು.

ಅತ್ತೆಯವರು ಈಗ ಬಾಯಿ ಕಟ್ಟುವ ಮಾತೆತ್ತುವುದಿಲ್ಲ. ಸಂಜೆ ಐದಕ್ಕೆ ತಾವೇ ಮೊಸರಿನ ಬಟ್ಟಲು ಮುಂದಿಟ್ಟು, “ಮೊದಲ ಇದನ್ನ ತಿನ್ನಪ್ಪಾ, ಚಪಾತಿ ಆಮ್ಯಾಲ” ಎನ್ನುತ್ತಾರೆ.

ಓದುಗರಲ್ಲಿ ಒಂದೇ ವಿನಂತಿ. ನಿಮ್ಮ ಪಂಕ್ತಿಯಲ್ಲಿ ಯಾರಾದರೂ ಕಡಿಮೆ ಉಂಡು ಕೈ ತೊಳೆದರೆ ಒತ್ತಾಯ ಮಾಡಬೇಡಿ, ಊಹೆಯನ್ನೂ ಮಾಡಬೇಡಿ. ನಿಮ್ಮ ಮನೆಯಲ್ಲೇ ಅಂಥವರಿದ್ದರೆ ಮುಚ್ಚಿಡಬೇಡಿ.