ಬಟ್ಟೆಗೆ ಹತ್ತಿದ ನೀಲಿ

ಎನ್‌ಸಿ ಥಿನ್ನರ್‌ನಲ್ಲಿ ಅದ್ದಿದ ಬನಿಯನ್ ಚೂರನ್ನು ದೋಣಿಯ ಪಕ್ಕೆಗೆ ಅಂಟಿಸಿ, ಹತ್ತು ನಿಮಿಷ ಬಿಟ್ಟು ತೆಗೆದೆ. ಬಟ್ಟೆಯ ತುಂಬ ನೀಲಿ! ಹಲಗೆಯಲ್ಲಿ ಉಳಿದದ್ದು ಹಾಲಿನ ಕೆನೆಯಂತೆ ಸುಕ್ಕುಗಟ್ಟಿತ್ತು. ಇದು ಗಂಗೊಳ್ಳಿಯಲ್ಲಿ ಕೊಂಡ ಹಳೇ ದೋಣಿ. ಹಿಂದಿನವರು ಏನು ಬಳಿದಿದ್ದರೆಂದು ಹೇಳುವವರಿರಲಿಲ್ಲ. ಈಗ ಹಲಗೆಯೇ ಬಾಯಿಬಿಟ್ಟಿತು: ಎನಾಮೆಲ್. ನನಗೆ ಆ ದಿನವೆಲ್ಲ ಖುಷಿ.

ಎರಡು ಡಬ್ಬಿ ಬೆರೆಸುವ ಎಪಾಕ್ಸಿಯೋ ಪಾಲಿಯುರಿಥೇನೋ ಆಗಿದ್ದರೆ ಹೀಗೆ ಕರಗುತ್ತಿರಲಿಲ್ಲ. ಅಂಥದರ ಮೇಲೆ ಉಜ್ಜಿ ಎನಾಮೆಲ್ ಬಳಿಯಬಹುದು. ಎನಾಮೆಲ್ ಮೇಲೆ ಎರಡು ಡಬ್ಬಿಯದನ್ನು ಬಳಿದರೆ ಅದರ ಖಾರದ ದ್ರಾವಕ ಕೆಳಗಿನ ಪದರವನ್ನು ಉಬ್ಬಿಸಿ ಎಬ್ಬಿಸಿಬಿಡುತ್ತದೆ.

ದಕ್ಕೆಯಲ್ಲಿ ಇದನ್ನು ಒಪ್ಪದವರು ಬಹಳ. "ಉಪ್ಪು ಕಾಗದ ಸರಿಯಾಗಿ ಹೊಡೆದರೆ ಯಾವುದರ ಮೇಲೆ ಯಾವುದೂ ಹಿಡಿಯುತ್ತದೆ ಮಾರಾಯ್ರೆ" ಎನ್ನುತ್ತಾರೆ. ಉಪ್ಪು ಕಾಗದ ಹೊಸ ಬಣ್ಣಕ್ಕೆ ಕಚ್ಚಿಕೊಳ್ಳಲು ಗೀರು ಮಾಡಿಕೊಡುತ್ತದೆ, ಎನಾಮೆಲ್ಲನ್ನು ಎಪಾಕ್ಸಿ ಮಾಡುವುದಿಲ್ಲ. ಈ ಮಾತು ನಂಬಿದ ನೆರೆಮನೆಯವರ ದೋಣಿ ಒಂದೇ ಮಧ್ಯಾಹ್ನದಲ್ಲಿ ಹಪ್ಪಳವಾಯಿತು. ಸಲಹೆ ಕೊಟ್ಟವರು ಸೆಕೆಯನ್ನು ಬೈದರು, ಅಂಗಡಿಯನ್ನು ಬೈದರು. ಎಂಟು ದಿನ ಕೂತು ಹೆರೆದವರು ದೋಣಿಯವರು. ಟ್ರಾಲರ್‌ಗಳಿಗೆ ಜೂನ್ 1ರಿಂದ 61 ದಿನ ರಜೆ. ನಾಡದೋಣಿಯವರು ನಾಲ್ಕು ಕಾಸು ಕಾಣುವುದು ಆಗಲೇ. ಅದರ ಹೊಸ್ತಿಲಲ್ಲಿ ಎಂಟು ದಿನ ಕಳೆಯುವುದೆಂದರೆ! ಹತ್ತು ನಿಮಿಷದ ಬಟ್ಟೆ ಚೂರಿಗೆ ಈ ಸಲಹೆಗಾರರಿಗೇನು ಬಡತನ? ನೆನೆದಾಗೆಲ್ಲ ಸಿಟ್ಟು ಬರುತ್ತದೆ.

ಸೆಕೆಯ ಮಾತಿನಲ್ಲೂ ಒಂದು ಸತ್ಯವಿದೆ. ನಮ್ಮ ಕರಾವಳಿಯ ಹಸಿ ಗಾಳಿಗೆ ಎಪಾಕ್ಸಿಯ ಗಟ್ಟಿಕಾರಕ ಕೆಲವೊಮ್ಮೆ ಮೇಲ್ಮೈಯಲ್ಲಿ ಮೇಣದಂಥ ಜಿಡ್ಡು ಬಿಡುತ್ತದೆ. ಅದನ್ನು ಮೊದಲು ನೀರಲ್ಲಿ ತೊಳೆಯಬೇಕು. ತೊಳೆಯದೆ ಉಜ್ಜಿದರೆ ಜಿಡ್ಡು ಇಡೀ ಪಕ್ಕೆಗೆ ಹರಡುತ್ತದೆ. ಈ ಕಾಟ ಕಡಿಮೆ ಇರುವ, ಒದ್ದೆ ಮೇಲ್ಮೈಯನ್ನೂ ಸಹಿಸುವ ಗಟ್ಟಿಕಾರಕವೊಂದಿದೆ: ಫೆನಾಲ್ಕಮೈನ್. ದೊಡ್ಡ ಹಡಗುಗಳ ಬಣ್ಣಕ್ಕೂ ಅದು ಬೇಕು. ಅದನ್ನು ಯಾವುದರಿಂದ ತೆಗೆಯುತ್ತಾರೆಂದು ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ. ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ!

ಹುಳು ಕೊರೆಯದಿರಲೆಂದು ನಮ್ಮ ಹಿರಿಯರು ದೋಣಿಗೆ ಉಜ್ಜುತ್ತಿದ್ದ ಅದೇ ಎಣ್ಣೆ. ಕೈಗೆ ತಾಗಿದರೆ ಬೊಕ್ಕೆ ಏಳುವ, ಮನೆಯೊಳಗೆ ತರಬೇಡಿ ಎಂದು ಹೆಂಗಸರು ಗದರಿಸುತ್ತಿದ್ದ ಆ ಕಪ್ಪೆಣ್ಣೆ ಹೆಸರು ಬದಲಿಸಿಕೊಂಡು ಡಬ್ಬಿಯಲ್ಲಿ ವಾಪಸು ಬಂದಿದೆ. ಆದರೂ ಹಿಂದಿನವರು ಎಣ್ಣೆ ಕುಡಿಸಿದ ಹಲಗೆಗೆ ಎಪಾಕ್ಸಿ ಸರಿಯಾಗಿ ಅಂಟುವುದಿಲ್ಲ. ಎಣ್ಣೆಯಿಂದ ಹುಟ್ಟಿದ್ದನ್ನು ಎಣ್ಣೆಯೇ ಒಳಗೆ ಬಿಟ್ಟುಕೊಳ್ಳದು.

ನನ್ನ ದೋಣಿ ಸಂಜೆಯಾದರೆ ಮರಳಿನ ಮೇಲೆ ಮಲಗುತ್ತದೆ. ನೀರಲ್ಲೇ ನಿಲ್ಲುವ ದೋಣಿಗೆ ಚಿಪ್ಪು ಹತ್ತದಿರಲೆಂದು ಬಳಿಯುವ, ತಾಮ್ರ ಬೆರೆಸಿದ ಬಣ್ಣ ಇದಕ್ಕೆ ಬೇಡ. ಎನಾಮೆಲ್ ಮೇಲೆ ಎನಾಮೆಲ್ಲೇ, ತೆಳುವಾಗಿ ಮೂರು ಕೈ. ನೀಲಿಯನ್ನೇ ತಂದಿದ್ದೇನೆ. ಬೆಳಗಿನ ಇಬ್ಬನಿ ಆರಿದ ಮೇಲೆ ಶುರು.