ಚಿನ್ನದ ಗಣಿಯಲ್ಲಿ ಆಕಾಶದರ್ಶನ

ಬೆಂಗಳೂರಿನಿಂದ ಜೋಲಾರಪೇಟೆಯ ಕಡೆಗೆ ಹೋಗುವ ರೈಲುದಾರಿಯಲ್ಲಿ ಬಂಗಾರಪೇಟೆಯು ಸಿಕ್ಕುತ್ತದೆ. ಹಿಂದೆ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಈ ಊರಿನಿಂದ ಮಾರಿಕುಪ್ಪದವರೆಗೆ ಒಂದು ಕವಲುದಾರಿಯುಂಟು. ಕೋರಮಂಡಲ, ಉರಿಗಾಂ, ಚಾಂಪಿಯನ್ ಎಂಬ ನಿಲ್ದಾಣಗಳನ್ನು ದಾಟುವಾಗ ಸಯನೈಡ್ ದಿಬ್ಬಗಳು ಕಣ್ಣಿಗೆ ಬೀಳುತ್ತವೆ. ಚಿನ್ನವನ್ನು ತೆಗೆದು ಉಳಿದ ಪುಡಿಯ ರಾಶಿಗಳವು. ೧೮೮೦ರಲ್ಲಿ ಜಾನ್ ಟೇಲರ್ ಕಂಪೆನಿಯವರು ಇಲ್ಲಿ ಗಣಿಯ ಕೆಲಸಕ್ಕೆ ಕೈಹಾಕಿದರು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿಯು ಬಂದಿತು. ೨೦೦೧ನೆಯ ಫೆಬ್ರವರಿ ೨೮ರಂದು ಗಣಿಗಳು ಮುಚ್ಚಿದುವು. ಇಷ್ಟನ್ನು ಅನೇಕರು ಬಲ್ಲರು. ಆಕಾಶವನ್ನು ಪರೀಕ್ಷಿಸುವುದಕ್ಕಾಗಿ ವಿಜ್ಞಾನಿಗಳು ಈ ಪಾತಾಳಕ್ಕಿಳಿದ ಸಂಗತಿಯನ್ನು ಬಲ್ಲವರು ವಿರಳ.

ಗಗನವನ್ನು ನೋಡುವವರು ಬೆಟ್ಟವನ್ನೇರುವುದು ವಾಡಿಕೆ. ಇವರು ನೆಲದೊಳಕ್ಕೆ ಇಳಿದುದೇಕೆ? ಅಂತರಿಕ್ಷದಿಂದ ಬರುವ ವಿಶ್ವಕಿರಣಗಳು ವಾಯುಮಂಡಲವನ್ನು ಸದಾ ಬಡಿಯುತ್ತಿರುತ್ತವೆ. ಆ ಬಡಿತದಿಂದ ಹುಟ್ಟುವ ಮ್ಯೂಆನ್ ಎಂಬ ಕಣಗಳು ತುಂತುರುಮಳೆಯಂತೆ ನಮ್ಮ ಮೇಲೆ ಸುರಿಯುತ್ತವೆ. ಜೊತೆಗೆ ಹುಟ್ಟುವ ನ್ಯೂಟ್ರಿನೋ ಎಂಬ ಕಣವಾದರೋ ಇಡೀ ಭೂಮಿಯನ್ನೇ ತೂರಿಹೋಗಬಲ್ಲುದು. ಸಂತೆಯ ಗದ್ದಲದಲ್ಲಿ ಪಿಸುಮಾತು ಕೇಳಿಸೀತೆ? ಹಾಗೆಯೇ ಮ್ಯೂಆನುಗಳ ನಡುವೆ ನ್ಯೂಟ್ರಿನೋವಿನ ಸುಳಿವು ಸಿಕ್ಕದು. ಮೇಲೆ ಸಾಕಷ್ಟು ಬಂಡೆಯಿದ್ದರೆ ಆ ಗದ್ದಲವು ಅಡಗುವುದು.

ನಂಜನಗೂಡಿನಲ್ಲಿ ಜನಿಸಿದ ಬಿ. ವಿ. ಶ್ರೀಕಂಠನ್‌ರವರು ೧೯೫೦ರ ದಶಕದ ಆದಿಯಲ್ಲಿಯೇ ಈ ಗಣಿಗಳಲ್ಲಿ ಮ್ಯೂಆನುಗಳನ್ನು ಅಳೆಯತೊಡಗಿದರು. ೧೯೬೫ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಾಂ ವಿದ್ವಾಂಸರೊಡಗೂಡಿ ಚಾಂಪಿಯನ್ ರೀಫ್ ಗಣಿಯಲ್ಲಿ ಸುಮಾರು ೭೬೦೦ ಅಡಿ ಆಳದಲ್ಲಿ ಉಪಕರಣಗಳನ್ನು ನಿಲ್ಲಿಸಿದರು. ಅಲ್ಲಿ ಅಡ್ಡಲಾಗಿ ಹಾಯ್ದುಹೋದ ಕಣಗಳ ಜಾಡು ಸಿಕ್ಕಿತು. ಓರೆಯಾಗಿ ಬರುವ ಮ್ಯೂಆನು ಹಲವಾರು ಮೈಲಿಗಳ ಬಂಡೆಯನ್ನು ಭೇದಿಸಲಾರದು; ಆದಕಾರಣ ಇವು ನ್ಯೂಟ್ರಿನೋಗಳು ಹತ್ತಿರದ ಬಂಡೆಯನ್ನು ತಾಗಿದಾಗ ಹುಟ್ಟಿದವೆಂದು ನಿಶ್ಚಯವಾಯಿತು. ಅದೇ ಕಾಲದಲ್ಲಿ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿಯೂ ಇಂತಹ ಜಾಡು ದೊರೆಯಿತು. ವಾಯುಮಂಡಲದ ನ್ಯೂಟ್ರಿನೋಗಳನ್ನು ಲೋಕವು ಮೊದಲು ಕಂಡುದು ಹೀಗೆ.

ಮೂಲವಾದ ವಿಶ್ವಕಿರಣಗಳಿಗೆ ಅಷ್ಟು ವೇಗವೆಲ್ಲಿಂದ? ಉರಗಧರ ಮಂಡಲದ ಆರ್.ಎಸ್. ಎಂಬ ಜೋಡಿನಕ್ಷತ್ರವು ಒಂದು ನಿದರ್ಶನ. ಅದರಲ್ಲಿನ ಶ್ವೇತಕುಬ್ಜವು ಸಂಗಾತಿಯಾದ ಕೆಂಪುದೈತ್ಯನ ದ್ರವ್ಯವನ್ನು ಸೆಳೆದು ಮೈಮೇಲೆ ಪೇರಿಸಿಕೊಳ್ಳುತ್ತದೆ. ಪೇರಿದುದು ಮಿತಿಮೀರಿದಾಗ ಸಿಡಿಯುತ್ತದೆ. ೨೦೨೧ನೆಯ ಆಗಸ್ಟಿನಲ್ಲಿ ಹಾಗೆ ಸಿಡಿದಾಗ, ಹೊರಚಿಮ್ಮಿದ ಅನಿಲವು ಆ ದೈತ್ಯನಿಂದ ಬೀಸುವ ಗಾಳಿಯನ್ನು ಬಡಿದು ಕಣಗಳಿಗೆ ಅಪಾರ ವೇಗವನ್ನು ಕೊಟ್ಟಿತು. ಅದರ ಗುರುತಾದ ಗಾಮಾಕಿರಣಗಳನ್ನು ನಮೀಬಿಯ, ಲಾ ಪಾಲ್ಮಗಳ ದೂರದರ್ಶಕಗಳು ಕಂಡುವು.

ಗಣಿಯೇನೂ ವಿದ್ವಾಂಸರಿಗಾಗಿ ತೋಡಿದುದಲ್ಲ. ಸೆಕೆಯಲ್ಲಿ ಬೆವರಿಳಿಸಿ, ಬಂಡೆ ಸಿಡಿದಾಗ ಪ್ರಾಣವನ್ನೂ ತೆತ್ತ ಕೂಲಿಕಾರರು ಅದನ್ನು ಅಗೆದರು. ಅವರು ತೆಗೆದ ಚಿನ್ನವು ಎಲ್ಲೆಲ್ಲಿಯೋ ಹಂಚಿಹೋಯಿತು. ಅವರಿಗೆ ಉಳಿದುದು ಅಲ್ಪ. ಗಣಿ ನಿಂತಮೇಲೆ ಆ ಆಳವನ್ನು ನೀರು ತುಂಬಿತು. ಅವರ ಶ್ರಮದಿಂದ ದೊರೆತ ಅರಿವು ಮಾತ್ರ ಮುಳುಗಿಲ್ಲ. ಬಂಗಾರಪೇಟೆಯಲ್ಲಿ ಬಂಡಿ ಬದಲಾಯಿಸುವ ಪ್ರಯಾಣಿಕರು ಈ ಮಾತನ್ನು ಮಕ್ಕಳಿಗೆ ತಿಳಿಸಬೇಕು.